ಅಪ್ಪನ ತಗಡಿನ ಪೆಟ್ಟಿಗೆಗೆ ಮೂವತ್ತು ಸಾವಿರದ ಕಂಪ್ಯೂಟರ್

ಜೂನ್ ಕೊನೆಯ ವಾರ ಸಿದ್ದಾಪುರದಿಂದ ಹೈದರಾಬಾದಿನ ನಮ್ಮ ಮನೆಗೆ ಬಂದ ಅಪ್ಪನ ಬಳಿ ಎರಡು ಚೀಲ, ಒಂದು ತಗಡಿನ ಪೆಟ್ಟಿಗೆ ಇತ್ತು. ಚೀಲದಲ್ಲಿ ಬಟ್ಟೆ, ಅಪ್ಪೆಮಿಡಿ, ಒಂದಿಷ್ಟು ಹಲಸಿನ ಹಪ್ಪಳ. ಪೆಟ್ಟಿಗೆ ಮಾತ್ರ ಕೈ ಜಗ್ಗುವಷ್ಟು ಭಾರ. “ಇದ್ರಲ್ಲೇನಪ್ಪಾ?” ಅಂದೆ. “ಆಟ, ಸಿನಿಮಾ” ಅಂದರು.

ನಮ್ಮ ಕಡೆ ಆಟ ಅಂದರೆ ಯಕ್ಷಗಾನ ಎಂದು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ವರ್ಷದಲ್ಲಿ ಶಿರಸಿ, ಸಾಗರ, ಹೊನ್ನಾವರದ ಅಂಗಡಿಗಳಲ್ಲಿ, ಜಾತ್ರೆಯ ಗದ್ದಲದಲ್ಲಿ ಅಪ್ಪ ಕೊಂಡ ಡಿಸ್ಕುಗಳು. ಎಣಿಸಿದೆವು. ವಿಸಿಡಿ 96, ಡಿವಿಡಿ 47. ಚಿಟ್ಟಾಣಿಯವರ ಭಸ್ಮಾಸುರ, ಕೀಚಕ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’. ಒಂದೊಂದರ ಕವರಿನ ಹಿಂದೆಯೂ ಕೊಂಡ ತಾರೀಖು ಬಾಲ್‌ಪೆನ್ನಿನಲ್ಲಿ. ಊರಿನ ಡಿವಿಡಿ ಪ್ಲೇಯರ್ ಹಿಂದಿನ ವರ್ಷದ ಸಿಡಿಲಿಗೆ ಹೋಗಿತ್ತು. ಮಗನ ಮನೆಯಲ್ಲಿ 43 ಇಂಚಿನ ಟಿ.ವಿ. ಇದೆಯಲ್ಲ, ಅಲ್ಲಿ ನೋಡಬಹುದು ಎಂದುಕೊಂಡು ಹೊತ್ತು ತಂದಿದ್ದರು. ಆ ಟಿ.ವಿ.ಗೆ ಡಿಸ್ಕು ಹಾಕುವ ಜಾಗವೇ ಇಲ್ಲ ಎಂದು ನಾನು ಹೇಳಿದಾಗ ಅವರು ಅದರ ಹಿಂಭಾಗವನ್ನು ಒಂದು ಸಲ ಇಣುಕಿ ನೋಡಿ ಸುಮ್ಮನಾದರು.

ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಅಪ್ಪ ಒಬ್ಬರೇ. ಸ್ಮಾರ್ಟ್ ಟಿ.ವಿ.ಯ ರಿಮೋಟಿನಲ್ಲಿ ಎಲ್ಲೋ ಒತ್ತಿ ಇನ್ನೆಲ್ಲೋ ಹೋಗಿ, ಮೊದಲೆರಡು ದಿನ ಫೋನ್ ಮಾಡಿ ಕೇಳಿದರು. ಮೂರನೇ ದಿನದಿಂದ ಕೇಳಲಿಲ್ಲ. ವಾರದ ನಂತರ ನಾನು ಮಧ್ಯಾಹ್ನವೇ ಮನೆಗೆ ಬಂದರೆ, ಆರಿಸಿದ ಟಿ.ವಿ.ಯ ಎದುರು ಕೂತಿದ್ದರು. “ನೋಡ್ತಾ ಇರ‍್ಲಿಲ್ವಾ?” ಅಂದಿದ್ದಕ್ಕೆ, “ಆಫೀಸಿನ ಹೊತ್ತಲ್ಲಿ ನಿಂಗ್ಯಾಕೆ ತೊಂದ್ರೆ ಕೊಡೋದು ಮಾರಾಯ” ಅಂದರು. ಅಂದು ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಕೂತೆ.

ಹೋಮ್ ಥಿಯೇಟರ್ ಕಂಪ್ಯೂಟರ್ ಅನ್ನುವ ಹೆಸರು ದೊಡ್ಡದು. ಟಿ.ವಿ.ಗೆ ಕಾಯಂ ಆಗಿ ಸಿಕ್ಕಿಸಿಟ್ಟ, ರಿಮೋಟಿನಿಂದ ನಡೆಯುವ, ಸದ್ದು ಮಾಡದ ಕಂಪ್ಯೂಟರ್ ಅಷ್ಟೇ. ಎಂ.ಟೆಕ್. ಓದಿದವನು, ದಿನಾ ಸಾಫ್ಟ್‌ವೇರ್ ಬರೆಯುವವನು, ಇದೇನು ಮಹಾ ಎಂದುಕೊಂಡು ಎಕ್ಸೆಲ್ ಪಟ್ಟಿ ಮಾಡಿದೆ. ದೊಡ್ಡ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, 16 ಜಿ.ಬಿ. ರ‍್ಯಾಮ್, 4 ಟಿ.ಬಿ. ಹಾರ್ಡ್ ಡಿಸ್ಕ್. ಮೊತ್ತ 62 ಸಾವಿರ ದಾಟಿತು. ಹೆಂಡತಿ ಹಿಂದಿನಿಂದ ನೋಡಿ, “ಮಾವ ಗೇಮ್ ಆಡ್ತಾರಾ?” ಅಂದಳು. ಪಟ್ಟಿ ಅಳಿಸಿದೆ. 30 ಸಾವಿರ ಎಂದು ಮೇಲೆ ಬರೆದು, ಅದರ ಕೆಳಗೆ ಭಾಗಗಳ ಹೆಸರಿನ ಬದಲು ಅಪ್ಪನಿಗೆ ಏನೇನು ಬೇಕು ಎಂದು ಬರೆದೆ. ಪೆಟ್ಟಿಗೆಯ ಡಿಸ್ಕುಗಳು ಕಾಣಬೇಕು. ಮಾತು ಸ್ಪಷ್ಟ ಕೇಳಬೇಕು. ಯಾರನ್ನೂ ಕೇಳದೆ ಅವರೇ ಹಾಕಿಕೊಳ್ಳುವಂತಿರಬೇಕು. ಕೊನೆಕೊಯ್ಲಿನ ಹೊತ್ತಿಗೆ ಅವರು ಊರಿಗೆ ಹೋಗುವವರು, ಆಗ ಇದೂ ಜೊತೆಗೆ ಹೋಗಬೇಕು. ಅಂದರೆ ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು, ಕರೆಂಟು ಹೋಗಿ ಬಂದರೂ ತಡೆದುಕೊಳ್ಳಬೇಕು, ಕೆಟ್ಟರೆ ಶಿರಸಿಯಲ್ಲಿ ರಿಪೇರಿ ಆಗಬೇಕು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಒಟಿಟಿ ಮತ್ತು ಯೂಟ್ಯೂಬ್ ಮಾತ್ರವಾದರೆ ಈ ಲೇಖನ ಇಲ್ಲಿಗೇ ಬಿಡಿ, ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ ಒಂದನ್ನು ಕೊಂಡುಬಿಡಿ. ಒಟಿಟಿ ಕಂಪನಿಗಳು ನಕಲಿನ ಭಯಕ್ಕೆ ಕಂಪ್ಯೂಟರಿನ ಬ್ರೌಸರಿಗೆ ಎಷ್ಟೋ ಸಲ ಪೂರ್ಣ ಗುಣಮಟ್ಟದ ಚಿತ್ರ ಕೊಡುವುದೇ ಇಲ್ಲ; ಲಿನಕ್ಸ್ ಆದರೆ ಇನ್ನೂ ಕಡಿಮೆ. ಮೂವತ್ತು ಸಾವಿರದ ಕಂಪ್ಯೂಟರ್ ಆ ಕೆಲಸದಲ್ಲಿ ಸಣ್ಣ ಸ್ಟಿಕ್ಕಿಗೆ ಸೋಲುತ್ತದೆ. ಕಂಪ್ಯೂಟರ್ ಬೇಕಾಗುವುದು ನಿಮ್ಮದೇ ಸಂಗ್ರಹ ಇದ್ದಾಗ. ಡಿಸ್ಕು, ಮದುವೆ ವಿಡಿಯೊ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡಿದ್ದು, ಇಂಥವು.

ರಾಸ್‌ಬೆರಿ ಪೈ ಮೊದಲು ತಲೆಗೆ ಬಂತು. ಅಂಗೈಯಗಲದ ಬೋರ್ಡು, ಟಿ.ವಿ. ರಿಮೋಟನ್ನೇ ಅರ್ಥ ಮಾಡಿಕೊಳ್ಳುವ ಎಚ್‌ಡಿಎಂಐ-ಸಿಇಸಿ ಅದರಲ್ಲಿದೆ, ಸಾಮಾನ್ಯ ಕಂಪ್ಯೂಟರಿನಲ್ಲಿ ಅದಿರುವುದು ಅಪರೂಪ. ಆದರೆ ಕೇಸು, ಪವರ್ ಅಡಾಪ್ಟರ್, ಸಂಗ್ರಹಕ್ಕೆ ಬೇರೆ ಡಿಸ್ಕು ಎಂದು ಸೇರಿಸುತ್ತ ಹೋದರೆ ಅಗ್ಗ ಅನ್ನುವ ಮಾತು ಉಳಿಯುವುದಿಲ್ಲ. ಅದು ಕೆಟ್ಟರೆ ನಮ್ಮೂರಲ್ಲಿ ಮುಟ್ಟುವವರೂ ಇಲ್ಲ. ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿಗಳು ಇನ್ನೊಂದು ದಾರಿ. 2023ರಲ್ಲಿ ಬಂದ ಈ ಚಿಪ್ಪು 6 ವಾಟಿನದು, ನಾಲ್ಕು ಕೋರು, ಇಂದಿನ ಎಲ್ಲ ವಿಡಿಯೊ ಮಾದರಿಗಳನ್ನೂ ಸಲೀಸಾಗಿ ಬಿಡಿಸುತ್ತದೆ. ಪುಣೆ, ಚೆನ್ನೈಗಳ ಫ್ಲಾಟಿನಲ್ಲಿರುವ ನಮ್ಮಂಥವರಿಗೆ ನಾನು ಹೇಳುವುದು ಇದನ್ನೇ. ಅಪ್ಪನಿಗೆ ಬೇಡ ಅನಿಸಿದ್ದು ಒಂದೇ ಕಾರಣಕ್ಕೆ. ಅದರಲ್ಲಿ ಎಲ್ಲವೂ ಒಂದೇ ಬೋರ್ಡಿನ ಮೇಲೆ. ಒಂದು ಹೋದರೆ ಎಲ್ಲ ಹೋಯಿತು. ಮಾಮೂಲಿ ಅಸೆಂಬಲ್ಡ್ ಕಂಪ್ಯೂಟರಿನ ಎಸ್‌ಎಂಪಿಎಸ್ ಸುಟ್ಟರೆ ಶಿರಸಿಯ ಯಾವ ಅಂಗಡಿಯಲ್ಲೂ ಅದೇ ದಿನ ಬೇರೆ ಹಾಕಿಕೊಡುತ್ತಾರೆ.

ಕಂಪನಿಗಳು ಬಳಸಿ ಮಾರುವ ಹಳೆಯ ಆಫೀಸ್ ಕಂಪ್ಯೂಟರುಗಳನ್ನೂ ನೋಡಿದೆ. ಒಳ್ಳೆಯ ವ್ಯಾಪಾರ, ಆದರೆ ಪ್ರೊಸೆಸರಿನ ಪೀಳಿಗೆ ನೋಡಿ ಕೊಳ್ಳಬೇಕು. ಇಂಟೆಲ್ ಆರನೇ ಪೀಳಿಗೆಯದು ಎಚ್‌ಇವಿಸಿಯ 10 ಬಿಟ್ ವಿಡಿಯೊ ಬಂದರೆ ಏದುಸಿರು ಬಿಡುತ್ತದೆ, ಏಳರಿಂದ ಮುಂದಿನವು ಅದನ್ನು ಚಿಪ್ಪಿನಲ್ಲೇ ಬಿಡಿಸುತ್ತವೆ. ಯೂಟ್ಯೂಬ್ ಈಗ ಹೆಚ್ಚು ಹೆಚ್ಚಾಗಿ ಬಳಸುವ ಎವಿ1ಗೆ ಹನ್ನೊಂದನೇ ಪೀಳಿಗೆಯಾದರೂ ಬೇಕು.

ಒಂದು ಶನಿವಾರ ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆ. ಬೆಂಗಳೂರಿಗೆ ಎಸ್‌.ಪಿ. ರೋಡ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಇಲ್ಲಿಗೆ ಇದು ಹಾಗೆ. ನನ್ನ ಅರೆಬೆಂದ ತೆಲುಗಿಗೆ ಅಂಗಡಿಯವನು ಹಿಂದಿಯಲ್ಲಿ ಉತ್ತರಿಸಿದ. ನನ್ನ ಚೀಟಿಯಲ್ಲಿದ್ದದ್ದು ಇಂಟೆಲ್ ಐ3-12100. “ಸರ್, ಅದೇ ಪ್ರೊಸೆಸರ್, ಇದು ತುಂಬಾ ಕಡಿಮೆಗೆ ಬರುತ್ತೆ” ಎಂದು ಇನ್ನೊಂದು ಡಬ್ಬಿ ಮುಂದಿಟ್ಟ. 8,200 ರೂಪಾಯಿ. ನಾಲ್ಕು ಕೋರು, ಅದೇ ಅಂಕಿ. ತೆಗೆದುಕೊಂಡೆ.

ಸಂಜೆ ಮನೆಯಲ್ಲಿ ಜೋಡಿಸಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಟಿ.ವಿ. ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲಿಟ್ಟು ನೋಡಿದೆ. ಅಪ್ಪ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಿದ್ದರು. ರಾತ್ರಿ ಹನ್ನೊಂದಕ್ಕೆ ಖಾಲಿ ಡಬ್ಬಿ ಕೈಗೆ ತೆಗೆದುಕೊಂಡು ಓದಿದಾಗ ಅಂಕಿಯ ಬಾಲದಲ್ಲಿ ಒಂದು ಅಕ್ಷರ ಕಂಡಿತು. ‘12100ಎಫ್’. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಬೋರ್ಡಿಗೆ ಎಚ್‌ಡಿಎಂಐ ಕಿಂಡಿ ಇದ್ದು ಪ್ರಯೋಜನವಿಲ್ಲ, ಅದಕ್ಕೆ ಚಿತ್ರ ಕಳಿಸಬೇಕಾದ್ದು ಪ್ರೊಸೆಸರ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕುವ ಗೇಮಿನವರಿಗೆಂದು ಮಾಡಿದ್ದು ಅದು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಕಣ್ಣು ಬೆಲೆಯ ಮೇಲಿತ್ತು.

“ಬರಲಿಲ್ವಾ?” ಅಂದರು ಅಪ್ಪ. “ಒಂದಕ್ಷರ ತಪ್ಪು ತಂದೆ” ಅಂದೆ. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ಅದಕ್ಕೆ ನಕ್ಕೇಬಿಟ್ಟರು.

ಸೀಲ್ ಒಡೆದ ಡಬ್ಬಿಗೆ ಹಣ ವಾಪಸಿಲ್ಲ ಅಂದ ಅಂಗಡಿಯವನು. ತಾಸು ಹೊತ್ತು ವಾದಿಸಿದ ಮೇಲೆ ಬದಲಿ ಕೊಡಲು ಒಪ್ಪಿದ, ಆದರೆ ಅಷ್ಟೇ ಬೆಲೆಗೆ ಸಿಕ್ಕಿದ್ದು ಕೆಳಗಿನ ಮೆಟ್ಟಿಲಿನ ಪೆಂಟಿಯಂ ಗೋಲ್ಡ್ ಜಿ7400. ಎರಡೇ ಕೋರು. ಒಂದು ಸಾವಿರದಷ್ಟು ಕಳೆದುಕೊಂಡೆ ಅನಿಸಿತು. ಮನೆಗೆ ಬರುವ ಮೆಟ್ರೊದಲ್ಲಿ ಕೂತು ಯೋಚಿಸಿದರೆ ನನಗೆ ಬೇಕಾಗಿದ್ದದ್ದೇ ಇದು! ವಿಡಿಯೊ ಬಿಡಿಸುವ ಕೆಲಸ ಮಾಡುವುದು ಕೋರುಗಳಲ್ಲ, ಗ್ರಾಫಿಕ್ಸಿನೊಳಗೆ ಅದಕ್ಕೆಂದೇ ಇರುವ ಸಣ್ಣ ಭಾಗ. ಆ ಭಾಗ ಐ3ಯಲ್ಲಿರುವ ಹಾಗೆ ಈ ಪೆಂಟಿಯಂನಲ್ಲೂ ಇದೆ, ಎವಿ1ವರೆಗೆ ಎಲ್ಲ ಬಿಡಿಸುತ್ತದೆ. ಬಿಸಿಯೂ ಕಡಿಮೆ, 46 ವಾಟ್. ಮೊದಲೇ ಚೀಟಿಯಲ್ಲಿ ಇದನ್ನು ಬರೆದಿದ್ದರೆ ಒಂದು ಸಾವಿರವೂ ಒಂದು ಭಾನುವಾರವೂ ಉಳಿಯುತ್ತಿತ್ತು.

ಸಂಗ್ರಹದಲ್ಲೂ ಇದೇ ಕಥೆ. ದೊಡ್ಡ ಹಾರ್ಡ್ ಡಿಸ್ಕ್ ಬೇಕೇ ಬೇಕು ಎಂದು ನಂಬಿದ್ದವನು ಕೊನೆಗೆ ಲೆಕ್ಕ ಹಾಕಿದೆ. ಡಿವಿಡಿಯಲ್ಲಿ ಹಿಡಿಸುವುದು ಹೆಚ್ಚೆಂದರೆ 8.5 ಜಿ.ಬಿ., ಅದು ಎರಡು ಪದರದ್ದಾದರೆ. 47 ಡಿವಿಡಿಗೆ 400 ಜಿ.ಬಿ. ಇಟ್ಟುಕೊಳ್ಳಿ. ವಿಸಿಡಿ ಒಂದಕ್ಕೆ ಮುಕ್ಕಾಲು ಜಿ.ಬಿ.ಯಂತೆ 96ಕ್ಕೆ 72. ಅಪ್ಪನ ಇಪ್ಪತ್ತು ವರ್ಷದ ಪೆಟ್ಟಿಗೆ 500 ಜಿ.ಬಿ.ಯೊಳಗೆ ಮುಗಿಯಿತು. ಹಾಗಾಗಿ ಹಾರ್ಡ್ ಡಿಸ್ಕನ್ನೇ ಬಿಟ್ಟು 1 ಟಿ.ಬಿ.ಯ ಎಸ್‌ಎಸ್‌ಡಿ ಹಾಕಿದೆ. ತಿರುಗುವ ಭಾಗವಿಲ್ಲ, ಗುರುಗುರು ಸದ್ದಿಲ್ಲ, ಊರಿನ ದಾರಿಯ ಕುಲುಕಾಟಕ್ಕೆ ಹೆದರಬೇಕಿಲ್ಲ. ಇನ್ನೊಂದು ಪ್ರತಿ ನನ್ನ ಹಳೆಯ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಹೈದರಾಬಾದಿನಲ್ಲೇ ಇದೆ.

ಉಳಿದದ್ದು ಬೇಗ ಆಯಿತು. ಎಚ್610 ಬೋರ್ಡು 6,300; 8 ಜಿ.ಬಿ. ರ‍್ಯಾಮ್ ಒಂದೇ ಕಡ್ಡಿ, 1,900, ಎಸ್‌ಎಸ್‌ಡಿ 5,200, ಒಳಗೆ ಕೂರುವ ಡಿವಿಡಿ ರೈಟರ್ 1,400. ಇದು ನಾನು ಕೊಂಡ ದಿನದ ಬೆಲೆ. ರ‍್ಯಾಮ್, ಎಸ್‌ಎಸ್‌ಡಿಗಳ ಬೆಲೆ ತರಕಾರಿಯ ಹಾಗೆ ಏರಿಳಿಯುತ್ತದೆ, ನೀವು ಹೋದ ದಿನ ಬೇರೆ ಇದ್ದೀತು. ಡಿವಿಡಿ ರೈಟರ್ ಕೂರಿಸುವ ಕಿಂಡಿ ಇರುವ ಕ್ಯಾಬಿನೆಟ್ ಹುಡುಕಲು ಮಾತ್ರ ಆರು ಅಂಗಡಿ ಸುತ್ತಿದೆ. ಈಗಿನವೆಲ್ಲ ಮುಂದೆ ಗಾಜು, ಒಳಗೆ ಬಣ್ಣಬಣ್ಣದ ದೀಪ. ಕೊನೆಗೆ ಒಬ್ಬನು ಅಟ್ಟದಿಂದ ಧೂಳು ಹಿಡಿದ ಕರಿ ಕ್ಯಾಬಿನೆಟ್ ಇಳಿಸಿಕೊಟ್ಟ, 2,400. ಹಿಂದೆ 120 ಮಿ.ಮೀ. ಫ್ಯಾನ್. ಫ್ಯಾನ್ ದೊಡ್ಡದಾದಷ್ಟೂ ನಿಧಾನಕ್ಕೆ ತಿರುಗಿ ಅಷ್ಟೇ ಗಾಳಿ ತಳ್ಳುತ್ತದೆ, ಸದ್ದು ಕಡಿಮೆ.

ದುಡ್ಡು ಉಳಿಸಬಾರದ ಜಾಗ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಡುತ್ತೇನೆಂದದ್ದನ್ನು ಬೇಡವೆಂದು, 80 ಪ್ಲಸ್ ಬ್ರಾಂಜ್ ಗುರುತಿನ 450 ವಾಟಿನದಕ್ಕೆ 2,700 ಕೊಟ್ಟೆ. ಈ ಕಂಪ್ಯೂಟರ್ 100 ವಾಟೂ ಎಳೆಯುವುದಿಲ್ಲ, ವಾಟಿನ ಅಂಕಿ ಇಲ್ಲಿ ಮುಖ್ಯವಲ್ಲ. ವೋಲ್ಟೇಜ್ ಕುಣಿದಾಗ ತಾನು ಸತ್ತರೂ ಬೋರ್ಡನ್ನು ಸುಡದ ಎಸ್‌ಎಂಪಿಎಸ್ ಬೇಕು. ರಿಮೋಟಿಗೆ 900. ಎಲ್ಲ ಸೇರಿ 29,000. ವಿಂಡೋಸ್ ಕೊಳ್ಳಲಿಲ್ಲ. ಲಿಬ್ರೆಎಲೆಕ್ ಎಂಬ ಪುಕ್ಕಟೆ ಲಿನಕ್ಸ್ ಇದೆ, ಅದು ಕೋಡಿ ಎಂಬ ಒಂದೇ ತಂತ್ರಾಂಶವನ್ನು ನಡೆಸುತ್ತದೆ. ಗುಂಡಿ ಒತ್ತಿದರೆ ನೇರ ವಿಡಿಯೊಗಳ ಪಟ್ಟಿ.

ಡಿಸ್ಕುಗಳನ್ನು ಇಳಿಸಲು ಒಂದು ತಿಂಗಳ ರಾತ್ರಿಗಳು ಹೋದವು. ಅಪ್ಪ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಕೊಡುವುದು, ನಾನು ಲ್ಯಾಪ್‌ಟಾಪಿಗೆ ತುಂಬುವುದು. ಸುತ್ತಲೂ ಉಜ್ಜಿದರೆ ಗೀರು ಡಿಸ್ಕಿನ ಹಾದಿಯಗುಂಟವೇ ಬಿದ್ದು ಓದಲು ಬರುವುದಿಲ್ಲ. ಒಂಬತ್ತು ಡಿಸ್ಕು ಮೊಂಡು ಹಿಡಿದವು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ ಎಂಬ ನಂಬಿಕೆಯಿಂದ ಸಹೋದ್ಯೋಗಿಗಳ ಹಳೆಯ ಡ್ರೈವುಗಳನ್ನು ಬೇಡಿ ತಂದೆ. ಐದು ಬಂದವು, ನಾಲ್ಕು ಬರಲಿಲ್ಲ.

ಮೊದಲ ಆಟ ಹಾಕಿದ ದಿನ ಅಪ್ಪ ಐದು ನಿಮಿಷ ನೋಡಿ, “ಕುಣಿಯುವಾಗ ಬಾಚಣಿಗೆ ಬಾಚಿದ ಹಾಗೆ ಕಾಣ್ತದೆ” ಅಂದರು. ಸರಿಯಾದ ಮಾತು. ನಮ್ಮ ಡಿವಿಡಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚಿತ್ರ. ಕ್ಯಾಮೆರಾದಲ್ಲಿ ಹಿಡಿದ ಆಟದಲ್ಲಿ ಒಂದೊಂದು ಚಿತ್ರವೂ ಎರಡು ಅರ್ಧಗಳು, ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಮರುಕ್ಷಣ. ಹಳೆಯ ಡಬ್ಬಾ ಟಿ.ವಿ.ಗೆ ಇದು ಸಹಜ. ಈಗಿನ ಟಿ.ವಿ.ಯಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದರೆ ಧೀಂಗಿಣ ಹೊಡೆಯುವ ವೇಷದ ಅಂಚು ಹಲ್ಲುಹಲ್ಲಾಗುತ್ತದೆ. ಕೋಡಿಯಲ್ಲಿ ಡಿಇಂಟರ್ಲೇಸ್ ಆಯ್ಕೆಯನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಿದೆ, ಹಲ್ಲು ಮಾಯ. ಆದರೂ ಸಣ್ಣ ತಡವರಿಕೆ. ಟಿ.ವಿ. 60 ಹರ್ಟ್ಸಿನಲ್ಲಿ ಓಡುತ್ತಿತ್ತು, 50 ಅರ್ಧಚಿತ್ರಗಳು 60ಕ್ಕೆ ಹೊಂದುವುದಿಲ್ಲ. ವಿಡಿಯೊಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆ ಒತ್ತಿದ ಮೇಲೆ ಟಿ.ವಿ. 50ಕ್ಕೆ ಇಳಿಯಿತು, ಕುಣಿತ ನೀರಾಯಿತು. ಎಷ್ಟೋ ಮನೆಗಳಲ್ಲಿ ಹಳೆಯ ಮದುವೆ ಡಿವಿಡಿ ಹಾಕಿ “ಕ್ವಾಲಿಟಿ ಹೋಗಿದೆ” ಎನ್ನುತ್ತಾರಲ್ಲ, ಅರ್ಧ ತಪ್ಪು ಈ ಎರಡು ಆಯ್ಕೆಗಳದ್ದು. ವಿಸಿಡಿಗೆ ಮಾತ್ರ ಮದ್ದಿಲ್ಲ. 352 ಅಡ್ಡ, 288 ಉದ್ದದ ಚುಕ್ಕಿಗಳನ್ನು 43 ಇಂಚಿಗೆ ಎಳೆದರೆ ಡಾ. ರಾಜ್ ಅವರೂ ಮಸುಕೇ. ಪರದೆ ತುಂಬ ಹಿಗ್ಗಿಸದೆ ಅದರ ಅಳತೆಗೆ ಬಿಟ್ಟೆವು, ಬದಿಯಲ್ಲಿ ಕಪ್ಪು ಪಟ್ಟಿ ಇದ್ದರೂ ಮುಖ ಅಗಲವಾಗುವುದಿಲ್ಲ.

ಸದ್ದಿನ ವಿಷಯ ಇನ್ನೂ ಮುಖ್ಯ. ಅಪ್ಪನಿಗೆ ಎರಡು ವರ್ಷದಿಂದ ಕಿವಿ ಸ್ವಲ್ಪ ಮಂದ. ಚಂಡೆ ಗುಡುಗುತ್ತದೆ, ಅರ್ಥ ಕೇಳುವುದಿಲ್ಲ. ಅರ್ಥಕ್ಕೆಂದು ಸದ್ದು ಏರಿಸಿದರೆ ಮತ್ತೆ ಚಂಡೆಗೆ ಮೇಲಿನ ಮನೆಯವರು ಬಾಗಿಲು ತಟ್ಟುತ್ತಾರೆ. ತೆಳ್ಳಗಿನ ಟಿ.ವಿ.ಗಳ ಸ್ಪೀಕರ್ ನೆಲದ ಕಡೆ ಮುಖ ಮಾಡಿರುತ್ತದೆ, ಮಾತು ಮೊದಲೇ ಕ್ಷೀಣ. ನನ್ನ ಕಾಲೇಜು ದಿನಗಳ ಎರಡು ಸ್ಪೀಕರ್ ತೆಗೆದು ಅಪ್ಪನ ಕುರ್ಚಿಯ ಕಡೆಗೆ ತಿರುಗಿಸಿ ಕಂಪ್ಯೂಟರಿಗೆ ಸಿಕ್ಕಿಸಿದೆ. ಕೋಡಿಯ ವಾಲ್ಯೂಮ್ ಆಂಪ್ಲಿಫಿಕೇಶನ್ ಸ್ವಲ್ಪ ಏರಿಸಿದರೆ ಮೆಲುದನಿ ಮೇಲೆ ಬರುತ್ತದೆ, ಅಬ್ಬರ ಅಲ್ಲೇ ನಿಲ್ಲುತ್ತದೆ. ಒಂದು ಷರತ್ತು, ಪಾಸ್‌ಥ್ರೂ ಆಯ್ಕೆ ಆರಿಸಿರಬೇಕು. ಇಲ್ಲದಿದ್ದರೆ ಕೋಡಿ ಸದ್ದನ್ನು ಮುಟ್ಟದೆ ಹಾಗೇ ದಾಟಿಸಿಬಿಡುತ್ತದೆ. ಮೊದಲ ಬಾರಿ ಸಂವಾದವೊಂದು ಪೂರ್ತಿ ಕೇಳಿದಾಗ ಅಪ್ಪ ತಿರುಗಿ ಏನೂ ಹೇಳಲಿಲ್ಲ, ಪದ್ಯಕ್ಕೆ ಸರಿಯಾಗಿ ತೊಡೆಯ ಮೇಲೆ ತಾಳ ಹಾಕತೊಡಗಿದರು.

ರಿಮೋಟಿನಲ್ಲಿ ನಲವತ್ತಕ್ಕಿಂತ ಹೆಚ್ಚು ಗುಂಡಿ. ಆರನ್ನು ಬಿಟ್ಟು ಉಳಿದೆಲ್ಲದರ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದೆ. ಹೆಂಡತಿ ಒಂದೊಂದು ಡಿಸ್ಕಿನ ಕವರಿನ ಫೋಟೊ ತೆಗೆದು ಆಯಾ ಫೋಲ್ಡರಿಗೆ ಹಾಕಿದಳು. ಈಗ ಪರದೆಯ ಮೇಲೆ ಕಾಣುವುದು ಹೆಸರುಗಳಲ್ಲ, ಅಪ್ಪ ಇಪ್ಪತ್ತು ವರ್ಷ ಕೈಯಲ್ಲಿ ತಿರುವಿದ ಕವರುಗಳು. ಮರುದಿನ ಮೀಟಿಂಗಿನಲ್ಲಿದ್ದಾಗ ಫೋನ್ ಬರುತ್ತದೇನೋ ಎಂದು ಮೂರು ಸಲ ನೋಡಿದೆ. ಬರಲಿಲ್ಲ. ಸಂಜೆ ಬಾಗಿಲ ಹೊರಗೇ ಚಂಡೆ ಕೇಳಿತು.

ದೀಪಾವಳಿ ಕಳೆದು ಅಪ್ಪನೊಟ್ಟಿಗೆ ನಾನೂ ಊರಿಗೆ ಹೋಗಿ ಜೋಡಿಸಿಕೊಟ್ಟು ಬಂದೆ. ಅಲ್ಲಿ ಎರಡು ಕೆಲಸವಿತ್ತು. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವಾಗ ಕಂಪ್ಯೂಟರ್ ಆರಿ ಹತ್ತುತ್ತಿತ್ತು; ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ ಇರುತ್ತದೆ, ಅದನ್ನು ಹಾಕಿದ ಮೇಲೆ ನಿಂತಿತು. ಅದೂ ಮೀರಿ ಆರಿದರೆ ಕರೆಂಟು ಬಂದಾಗ ತಾನೇ ಹತ್ತುವಂತೆ ಬಯಾಸ್‌ನಲ್ಲಿ ಹೇಳಿಟ್ಟಿದ್ದೇನೆ. ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಪ್ಲಗ್ಗಿನ ಅರ್ಥಿಂಗ್ ತಂತಿಯೇ ಒಳಗೆ ಜೋಡಿಸಿರಲಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದೆವು. ಗುಡುಗು ಶುರುವಾದರೆ ಪ್ಲಗ್ಗನ್ನೂ, ಟಿ.ವಿ.ಗೆ ಬರುವ ಡಿಶ್ ಕೇಬಲನ್ನೂ ಕೀಳಬೇಕೆಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ. ಸಿಡಿಲಿಗೆ ಸ್ಪೈಕ್ ಬಸ್ಟರ್ ಯಾವ ಲೆಕ್ಕ.

ಹೋದ ಭಾನುವಾರ ರಾತ್ರಿ ಅಪ್ಪನ ಫೋನ್. ಓದದೆ ಉಳಿದ ನಾಲ್ಕರಲ್ಲಿ ಒಂದು, ಕೀಚಕವಧೆಯ ಎರಡನೇ ಡಿಸ್ಕು, ಹೆಗ್ಗರಣಿ ಕಡೆಯ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಸಿಕ್ಕಿದೆಯಂತೆ, ಅವನೇ ತಂದುಕೊಟ್ಟಿದ್ದಾನೆ. “ಎಲ್ಲಿ ಹಾಕೋದು ಹೇಳು, ನಾಳೆ ಅವ್ನಿಗೆ ವಾಪಸ್ ಕೊಡ್ಬೇಕು” ಅಂದರು. ಕ್ಯಾಬಿನೆಟ್ ಮುಂದಿನ ಉದ್ದ ಗುಂಡಿ ಒತ್ತು, ತಟ್ಟೆ ಹೊರಗೆ ಬರುತ್ತದೆ ಅಂದೆ. ಬಂತು ಅಂದರು. ಹೊಳೆಯುವ ಬದಿ ಕೆಳಗೆ ಅಂದೆ. ಗೊತ್ತು ಅಂದರು. ಡ್ರೈವು ಸುಂಯ್‌ಗುಡುವುದು ಫೋನಿನಲ್ಲೇ ಕೇಳುತ್ತಿತ್ತು, ಇಬ್ಬರೂ ಸುಮ್ಮನೆ ಕಾದೆವು.